ತೋಟಕ್ಕೆ ಚಂದಾ ಎತ್ತುವ ಮೊದಲು

(ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮೂಲೆಯ ಖಾಲಿ ಸೈಟಿನಲ್ಲಿ ಎಲ್ಲರೂ ಸೇರಿ ಒಂದು ತೋಟ ಮಾಡಬೇಕು ಅಂತ ನೀವು ಹೊರಟಿದ್ದೀರಿ. ಒಳ್ಳೆಯ ಕೆಲಸ. ಅದಕ್ಕೆ ದುಡ್ಡು ಹೇಗೆ ಎತ್ತೋದು ಅಂತ ಹೇಳೋಕೆ ನನ್ನನ್ನು ಕರೆದಿದ್ದೀರಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಿಡದ ವಿಷಯದಲ್ಲಿ ಇಲ್ಲಿ ಕೂತಿರುವ ಅಮ್ಮಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಮಾತಾಡುವುದು ಲೆಕ್ಕದ ಬಗ್ಗೆ, ಆ ಲೆಕ್ಕದ ಹಿಂದೆ ಇರುವ ಜನರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜನಕ್ಕೆ ಚಂದಾ ಎತ್ತೋದು ಬರುತ್ತೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಣೇಶನ ಹಬ್ಬ ಇನ್ನೂ ಹದಿನೈದು ದಿನ ಇದೆ ಅನ್ನುವಾಗಲೇ ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದಿರುತ್ತಾರೆ. ರಾಜ್ಯೋತ್ಸವಕ್ಕೂ ಅಷ್ಟೇ. ಹಳ್ಳಿಯಲ್ಲಾದರೆ ಹಬ್ಬಕ್ಕೆ ಮನೆಗಿಷ್ಟು ಅಂತ ವರಿ ಹಾಕುತ್ತಾರೆ. ಉತ್ತರ ಕರ್ನಾಟಕದ ಕಡೆ ಪಟ್ಟಿ ಎತ್ತುತ್ತಾರೆ. ಹೆಸರು ಬೇರೆ, ಕೆಲಸ ಒಂದೇ. ಆದರೆ ಗಣೇಶನನ್ನು ಕೊನೆಗೊಂದು ದಿನ ನೀರಿಗೆ ಬಿಟ್ಟು ಲೆಕ್ಕ ಮುಗಿಸಬಹುದು. ತೋಟಕ್ಕೆ ವಿಸರ್ಜನೆ ಇಲ್ಲ. ಏಪ್ರಿಲ್ ತಿಂಗಳಲ್ಲೂ ಅದು ನೀರು ಕೇಳುತ್ತೆ, ಅಧ್ಯಕ್ಷರು ಮಗಳ ಮನೆಗೆ ಹೋಗಿದ್ದಾಗಲೂ ಕೇಳುತ್ತೆ. ನಾವು ಯೋಚನೆ ಮಾಡಬೇಕಾದ್ದು ಆ ದುಡ್ಡಿನ ಬಗ್ಗೆ.

ಇದನ್ನು ಒಂದು ನಿಜವಾದ ಕಥೆಯಿಂದ ಶುರು ಮಾಡುತ್ತೇನೆ. ಕಥೆ ನಮ್ಮೂರಿನದಲ್ಲ, ನ್ಯೂಯಾರ್ಕಿನದು. ಅಷ್ಟು ದೂರ ಯಾಕೆ ಹೋಗಬೇಕು ಅಂದರೆ, ಬೀದಿಯ ಜನ ಸೇರಿ ಮಾಡಿದ ತೋಟಕ್ಕೆ ಏನೇನು ಆಗಬಹುದೋ ಅದೆಲ್ಲ ಅಲ್ಲಿ ಆಗಿಹೋಗಿದೆ. ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ.

1970ರ ದಶಕದ ನ್ಯೂಯಾರ್ಕ್ ಅಂದರೆ ಈಗ ನಿಮ್ಮ ಮಕ್ಕಳು ಫೋಟೋ ಕಳಿಸುವ ಝಗಮಗ ನ್ಯೂಯಾರ್ಕ್ ಅಲ್ಲ. 1975ರಲ್ಲಿ ಆ ಊರಿನ ಆಡಳಿತ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಬಡವರ ಬಡಾವಣೆಗಳಲ್ಲಿ ಎಷ್ಟೋ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡಗಳನ್ನು ಹಾಗೇ ಬಿಟ್ಟು ಹೋದರು. ಕೆಲವು ಬೆಂಕಿಗೆ ಬಿದ್ದವು, ಕೆಲವನ್ನು ಆಡಳಿತವೇ ಕೆಡವಿತು. ಉಳಿದದ್ದು ಖಾಲಿ ಸೈಟು. ಅದರ ತುಂಬ ಇಟ್ಟಿಗೆ ಚೂರು, ಒಡೆದ ಗಾಜು, ಹಳೇ ಫ್ರಿಜ್ಜು, ಇಲಿ.

ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್ ಅನ್ನುವ ಭಾಗದಲ್ಲಿ ಲಿಜ್ ಕ್ರಿಸ್ಟಿ ಅನ್ನುವ ಕಲಾವಿದೆ ಇದ್ದರು. ಆಕೆ, ಆಕೆಯ ಗೆಳೆಯರು ಮೊದಮೊದಲು ಬೀಜ, ಗೊಬ್ಬರ, ನೀರು ತುಂಬಿದ ಬಲೂನುಗಳನ್ನು ಬೇಲಿಯಾಚೆಗೆ ಎಸೆಯುತ್ತಿದ್ದರು. ನಮ್ಮಲ್ಲಿ ಈಗ ಮಳೆಗಾಲ ಬಂತು ಅಂದರೆ ಶಾಲೆ ಮಕ್ಕಳ ಕೈಲಿ ಬೀಜದುಂಡೆ ಮಾಡಿಸುತ್ತಾರಲ್ಲ, ಅದೇ ಉಪಾಯ. ತಮ್ಮ ಗುಂಪಿಗೆ ಗ್ರೀನ್ ಗೆರಿಲ್ಲಾಸ್ ಅಂತ ಹೆಸರಿಟ್ಟುಕೊಂಡರು. 1973ರಲ್ಲಿ ಬವರಿ ಮತ್ತು ಹೌಸ್ಟನ್ ರಸ್ತೆಗಳು ಸೇರುವ ಮೂಲೆಯ ಸೈಟಿಗೆ ಇಳಿದರು. ಕಸ ಹೊತ್ತರು, ಮಣ್ಣು ತಂದರು, ಬೇಲಿ ಹಾಕಿದರು. 1974ರ ಏಪ್ರಿಲ್‌ನಲ್ಲಿ ಆಡಳಿತದವರು ಆ ಜಾಗವನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟರು. 60 ಮಡಿ ಮಾಡಿ ತರಕಾರಿ ಹಾಕಿದರು. ಆ ತೋಟ ಇವತ್ತಿಗೂ ಇದೆ. ಲಿಜ್ ಕ್ರಿಸ್ಟಿ 1985ರಲ್ಲಿ ತೀರಿಕೊಂಡರು, ತೋಟಕ್ಕೆ ಈಗ ಅವರದೇ ಹೆಸರು.

ಇದನ್ನು ನೋಡಿ ಊರಿನ ಬೇರೆ ಬೇರೆ ಕಡೆ ಜನ ಅದೇ ಕೆಲಸಕ್ಕೆ ಇಳಿದರು. ಆಡಳಿತದವರು 1978ರಲ್ಲಿ ಗ್ರೀನ್‌ಥಂಬ್ ಅಂತ ಒಂದು ಯೋಜನೆಯನ್ನೇ ತೆರೆದು ಖಾಲಿ ಸೈಟುಗಳನ್ನು ಒಂದು ಡಾಲರಿಗೆ ಕೊಡೋಕೆ ಶುರು ಮಾಡಿದರು. ನೋಡಿ, ಜಾಗ ಪುಕ್ಕಟೆ ಅಂತಲೇ ಹೇಳಬೇಕು. ಆದರೆ ಕಾಗದದಲ್ಲಿ ಒಂದು ಮಾತಿತ್ತು: ನಮಗೆ ಬೇಕು ಅಂದಾಗ ವಾಪಸ್ ಕೊಡಬೇಕು. ಆಗ ಯಾರೂ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಯಾರಿಗೂ ಬೇಡದ ಜಾಗ ತಾನೆ?

ಇಪ್ಪತ್ತು ವರ್ಷ ಕಳೆಯಿತು. ಬಡಾವಣೆಗಳು ಚೇತರಿಸಿಕೊಂಡವು. ಅದರಲ್ಲಿ ಈ ತೋಟಗಳ ಪಾಲೂ ಇತ್ತು ಅನ್ನುವುದೇ ತಮಾಷೆ. ಸೈಟಿನ ಬೆಲೆ ಏರಿತು. ಮೇಯರ್ ರುಡಾಲ್ಫ್ ಜೂಲಿಯಾನಿ ಸರ್ಕಾರಿ ಜಾಗಗಳನ್ನು ಹರಾಜು ಹಾಕೋಕೆ ಹೊರಟರು. 1998ರಲ್ಲಿ ಇಂಥದ್ದೊಂದು ಹರಾಜು ನಡೆಯುತ್ತಿದ್ದಾಗ ಪ್ರತಿಭಟನೆಯವರು ಸಭಾಂಗಣದ ಒಳಗೆ ಸಾವಿರಾರು ಜೀರುಂಡೆಗಳನ್ನು ಬಿಟ್ಟರು. ಸವಾಲು ಕೂಗೋಕೆ ಬಂದವರೆಲ್ಲ ಕುರ್ಚಿ ಹತ್ತಿ ನಿಂತಿರುವುದನ್ನು ಊಹಿಸಿಕೊಳ್ಳಿ. ನಾನು ಈ ಉಪಾಯವನ್ನು ನಿಮಗೆ ಹೇಳಿಕೊಡುತ್ತಿಲ್ಲ, ಸುಮ್ನೆ ಹೇಳಿದೆ.

1999ರ ಮೇ 13ಕ್ಕೆ 114 ತೋಟಗಳ ಹರಾಜು ಗೊತ್ತಾಯಿತು. ಜನ ಬೀದಿಗಿಳಿದರು, ಕೋರ್ಟಿಗೆ ಹೋದರು. ರಾಜ್ಯದ ಅಟಾರ್ನಿ ಜನರಲ್ ಕೂಡ ಕೋರ್ಟ್ ಹತ್ತಿದರು. ಹರಾಜಿನ ಹಿಂದಿನ ದಿನ ಒಂದು ಒಪ್ಪಂದ ಆಯಿತು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಅನ್ನುವ ಸಂಸ್ಥೆ 30 ಲಕ್ಷ ಡಾಲರ್ ಹಾಕಿತು. ಗಾಯಕಿ, ನಟಿ ಬೆಟ್ ಮಿಡ್ಲರ್ ಕಟ್ಟಿದ ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್ 12 ಲಕ್ಷ ಹಾಕಿತು. ಒಟ್ಟು 42 ಲಕ್ಷ ಡಾಲರಿಗೆ ಆ ತೋಟಗಳು ಉಳಿದುಕೊಂಡವು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಒಬ್ಬರು ಎದ್ದು ನಿಂತು, "ಹಾಗಾದ್ರೆ ಸಾರ್, ನಮಗೂ ಒಬ್ಬ ದೊಡ್ಡ ದಾನಿ ಸಿಕ್ಕಿದ್ರೆ ಮುಗೀತು ಅಲ್ವಾ" ಅಂತಾರೆ. ಅವರು ಕಥೆಯ ಬಾಲ ಮಾತ್ರ ಹಿಡಿದಿದ್ದಾರೆ. 1974ರಲ್ಲಿ ಆ ಕಸದ ಸೈಟಿಗೆ ಯಾವ ನಟಿಯೂ ಒಂದು ಡಾಲರ್ ಕೊಡುತ್ತಿರಲಿಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷ ಅಕ್ಕಪಕ್ಕದ ಮನೆಯವರು ಕೈ ಕೆಸರು ಮಾಡಿಕೊಂಡು ನಿಂತಿದ್ದರಿಂದ ಅದು ಉಳಿಸಿಕೊಳ್ಳಬೇಕಾದ ಜಾಗ ಆಯಿತು. ದೊಡ್ಡ ದುಡ್ಡು ಬಂದದ್ದು ಕೊನೆಯಲ್ಲಿ.

ಬಂದ ಮೇಲೆ ಏನಾಯಿತು ಅನ್ನುವುದನ್ನೂ ನೋಡಿ. ಬೆಟ್ ಮಿಡ್ಲರ್ ಅವರ ಸಂಸ್ಥೆ ತಾನು ಕೊಂಡ ತೋಟಗಳನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿತು. ಒಳ್ಳೆಯ ವಿನ್ಯಾಸಗಾರರನ್ನು ಕರೆಸಿ ಹಲವನ್ನು ಹೊಸದಾಗಿ ಕಟ್ಟಿಸಿತು, ಚೆನ್ನಾಗಿಯೇ ನೋಡಿಕೊಂಡಿತು. ಆದರೆ ಪ್ರಾಯೋಜಕರು ಬಂದರೆ ಹೆಸರೂ ಬರುತ್ತೆ. ಅದೇ ನ್ಯೂಯಾರ್ಕಿನ ಕ್ವೀನ್ಸ್ ಅನ್ನುವ ಭಾಗದಲ್ಲಿ ಒಂದು ತೋಟಕ್ಕೆ ರ‍್ಯಾಪ್ ಹಾಡುಗಾರ ಫಿಫ್ಟಿ ಸೆಂಟ್ ಹೆಸರಿದೆ. ಇನ್ನೊಂದು ಕಡೆ ದೊಡ್ಡ ಅಂಗಡಿ ಕಂಪನಿಯೊಂದರ ಹೆಸರು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಬೇರೆ ದಾರಿ ಹಿಡಿಯಿತು. ತಾನು ಕೊಂಡ ತೋಟಗಳಿಗೆ ಊರಿನ ಭಾಗವಾರು ಮೂರು ಸ್ಥಳೀಯ ಟ್ರಸ್ಟ್ ಮಾಡಿ, ಕೆಲವು ವರ್ಷ ತರಬೇತಿ ಕೊಟ್ಟು, ಆಮೇಲೆ ಜಾಗದ ಪತ್ರವನ್ನೇ ಆ ಟ್ರಸ್ಟುಗಳ ಕೈಗೆ ಕೊಟ್ಟಿತು. ಬ್ರೂಕ್ಲಿನ್-ಕ್ವೀನ್ಸ್ ಟ್ರಸ್ಟಿನಲ್ಲಂತೂ ಆಡಳಿತ ನಡೆಸುವವರು ಹೆಚ್ಚಾಗಿ ತೋಟದಲ್ಲಿ ಕೆಲಸ ಮಾಡುವವರೇ. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ಮೊದಲನೆಯದರಲ್ಲಿ ತೋಟ ಉಳಿಯಿತು, ಎರಡನೆಯದರಲ್ಲಿ ತೋಟದ ಜೊತೆಗೆ ಅದನ್ನು ನಡೆಸುವ ಜನವೂ ಉಳಿದರು.

ಎಲ್ಲ ತೋಟಕ್ಕೂ ಈ ಅದೃಷ್ಟ ಇರಲಿಲ್ಲ. ಅದೇ ಲೋಯರ್ ಈಸ್ಟ್ ಸೈಡಿನಲ್ಲಿ ಎಸ್ಪೆರಾಂಜಾ ಅಂತ ಒಂದು ತೋಟ ಇತ್ತು. ಪೋರ್ಟೊ ರಿಕೋ ದ್ವೀಪದಿಂದ ಬಂದ ಕುಟುಂಬವೊಂದು ಇಪ್ಪತ್ತು ವರ್ಷಕ್ಕೂ ಮೇಲೆ ನೋಡಿಕೊಂಡಿದ್ದ ಜಾಗ. ತಮ್ಮ ನಾಡಿನ ಪುಟ್ಟ ಕಪ್ಪೆಯ ದೊಡ್ಡ ಆಕಾರ ಕಟ್ಟಿ, ಅದರ ಹೊಟ್ಟೆಯೊಳಗೆ ರಾತ್ರಿ ಸರದಿ ಪ್ರಕಾರ ಕಾವಲು ಮಲಗುತ್ತಿದ್ದರು. 2000ದ ಫೆಬ್ರವರಿಯಲ್ಲಿ, ಅತ್ತ ಕೋರ್ಟಿನಲ್ಲಿ ತೋಟಗಳ ವಿಚಾರಣೆ ನಡೆಯುತ್ತಿದ್ದ ದಿನವೇ ಇತ್ತ ಬುಲ್ಡೋಜರ್ ಬಂತು. ಪ್ರೀತಿ ಇತ್ತು, ಜನ ಇದ್ದರು, ಕಾಗದ ಇರಲಿಲ್ಲ. ಎರಡು ವರ್ಷದ ನಂತರ, 2002ರಲ್ಲಿ, ಹೊಸ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಕಾಲದಲ್ಲಿ ಸುಮಾರು 400 ತೋಟ ಉಳಿಸುವ ರಾಜಿ ಆಯಿತು. ಎಸ್ಪೆರಾಂಜಾಗೆ ಅದರಿಂದ ಏನೂ ಆಗಲಿಲ್ಲ.

ಸರಿ, ನ್ಯೂಯಾರ್ಕ್ ಬಿಟ್ಟು ನಮ್ಮ ಮೂಲೆ ಸೈಟಿಗೆ ಬರೋಣ.

ಅದು ಯಾರ ಹೆಸರಿನಲ್ಲಿದೆ? ಪಾರ್ಕಿನ ಜಾಗವೋ, ನಾಗರಿಕ ಸೌಲಭ್ಯಕ್ಕೆ ಅಂತ ಮೀಸಲಿಟ್ಟ ಸಿ.ಎ. ಸೈಟೋ, ಯಾರೋ ಬೇರೆ ಊರಿನಲ್ಲಿರುವ ಮಾಲೀಕರದೋ? ಇದು ಗೊತ್ತಾಗುವ ತನಕ ದಯವಿಟ್ಟು ರಸೀದಿ ಪುಸ್ತಕ ಅಚ್ಚು ಹಾಕಿಸಬೇಡಿ. ಪಾರ್ಕ್ ಅಂತ ನಕ್ಷೆಯಲ್ಲಿ ಗುರುತಾಗಿದ್ದರೆ ಸ್ವಲ್ಪ ನೆಮ್ಮದಿ, ಯಾಕೆಂದರೆ ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡೋಕೆ ಅಂತಲೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಆದರೆ ಅಲ್ಲಿ ನಿಮಗೆ ಬೇಕಾದ ಹಾಗೆ ಬದನೆಕಾಯಿ ಬೆಳೆಯೋಕೂ ಪಾಲಿಕೆಯ ಒಪ್ಪಿಗೆ ಬೇಕು. ಸಿ.ಎ. ಸೈಟಾದರೆ ಇನ್ನೊಂದು ದಿನ ಇನ್ಯಾರಿಗೋ ಹಂಚಿಕೆ ಆಗಬಹುದು. ಖಾಸಗಿ ಸೈಟಾದರೆ ಮಾಲೀಕರ ಮಗ ಮನೆ ಕಟ್ಟುವ ತನಕ ಮಾತ್ರ. "ಕಾರ್ಪೊರೇಟರ್ ಹೂಂ ಅಂದಿದ್ದಾರೆ" ಅನ್ನುವುದು ಕಾಗದ ಅಲ್ಲ.

ಕಾಗದ ಎಷ್ಟು ಗಟ್ಟಿಯೋ ಅಷ್ಟು ಖರ್ಚು ಮಾಡಿ. ನನ್ನ ಸಲಹೆ ಇಷ್ಟೇ. ಎರಡು ವರ್ಷದ ಒಪ್ಪಿಗೆ ಇದೆಯಾ? ಹಾಗಿದ್ದರೆ ಡ್ರಮ್ಮು, ಗ್ರೋ ಬ್ಯಾಗು, ಕಳಚಿ ಒಯ್ಯಬಹುದಾದ ಬೇಲಿ. ಬೋರ್‌ವೆಲ್ ಬೇಡ, ಕಾಂಪೌಂಡ್ ಬೇಡ, ಗ್ರಾನೈಟ್ ಬೆಂಚಂತೂ ಬೇಡವೇ ಬೇಡ. ಹತ್ತು ವರ್ಷದ ಒಪ್ಪಂದ ಸಿಕ್ಕಿದರೆ ಆಗ ಮಾವು, ಹಲಸು ನೆಡಿ.

ಬೆಂಗಳೂರಿನ ಜೆ.ಪಿ. ನಗರದ ಹತ್ತಿರ ಪುಟ್ಟೇನಹಳ್ಳಿ ಕೆರೆ ಇದೆ. ಅಲ್ಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು, 2011ರಲ್ಲಿ ಕೆರೆ ನೋಡಿಕೊಳ್ಳುವ ಬಗ್ಗೆ ಬಿಬಿಎಂಪಿ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡರು. ಆಮೇಲೆ ಜನರಿಂದ ದೇಣಿಗೆ ಕೇಳಿದರು. ಕೆರೆ ದಂಡೆಯ ಗಿಡ ನೋಡಿಕೊಳ್ಳುವವರ ಸಂಬಳದಂಥ ಖರ್ಚು ಅದರಿಂದಲೇ ಹೋಗಬೇಕಿತ್ತು. ಕೆರೆ ಅಂದರೆ ತೋಟ ಅಲ್ಲ, ಒಪ್ಪುತ್ತೇನೆ. ಆದರೆ ಕೆಲಸದ ಕ್ರಮ ನೋಡಿ: ಮೊದಲು ಕಾಗದ, ಆಮೇಲೆ ದುಡ್ಡು.

ಈಗ ಲೆಕ್ಕಕ್ಕೆ ಬರುತ್ತೇನೆ. ಪೆನ್ನು ಇದ್ದವರು ಬರೆದುಕೊಳ್ಳಿ. ದರಗಳನ್ನು ನಾನು ಅಂದಾಜಿಗೆ ಹಿಡಿದಿದ್ದೇನೆ, ನಿಮ್ಮ ಬೀದಿಯ ದರ ಹಾಕಿ ನೋಡಿ.

60 ಅಡಿಗೆ 40 ಅಡಿ ಸೈಟು ಅಂದರೆ 2,400 ಚದರ ಅಡಿ. ಓಡಾಡೋ ದಾರಿ, ಗೊಬ್ಬರದ ಗುಂಡಿ, ಕೂರೋ ಜಾಗ, ಸಾಮಾನು ಇಡೋಕೆ ಒಂದು ಶೆಡ್ಡು, ಇವೆಲ್ಲ ಬಿಟ್ಟರೆ ಮಡಿಗೆ ಅರ್ಧ ಸಿಕ್ಕೀತು. 1,200 ಚದರ ಅಡಿ, ಹೆಚ್ಚುಕಮ್ಮಿ 110 ಚದರ ಮೀಟರ್. ಬೇಸಿಗೆಯಲ್ಲಿ ತರಕಾರಿ ಮಡಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ನೀರು ಅಂತ ಹಿಡಿಯಿರಿ. ದಿನಕ್ಕೆ 550 ಲೀಟರ್. ತಿಂಗಳಿಗೆ 16,500 ಲೀಟರ್. 6,000 ಲೀಟರಿನ ಟ್ಯಾಂಕರ್ ಮೂರು ಬೇಕು. ಒಂದಕ್ಕೆ 800 ಅಂದರೂ 2,400 ರೂಪಾಯಿ ನೀರಿಗೇ ಹೋಯಿತು. ಮಾಲಿ ದಿನಾ ಎರಡು ಗಂಟೆ ಬಂದು ಹೋಗೋಕೆ 6,000. ಬೀಜ, ಬೇವಿನ ಹಿಂಡಿ, ಸಗಣಿ ಗೊಬ್ಬರ, ಪೈಪು ತೂತಾದರೆ ರಿಪೇರಿ, ಎಲ್ಲ ಸೇರಿ 1,600. ಒಟ್ಟು ತಿಂಗಳಿಗೆ 10,000. ವರ್ಷಕ್ಕೆ 1,20,000 ರೂಪಾಯಿ.

ನೂರು ಮನೆ ಇದೆ, ಮನೆಗೆ ತಿಂಗಳಿಗೆ ನೂರು ರೂಪಾಯಿ, ಸರಿಹೋಯಿತು ಅಂತ ಸಭೆಯಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಆಗಲ್ಲ. ಮೊದಲ ತಿಂಗಳು ತೊಂಬತ್ತು ಮನೆ ಕೊಡುತ್ತೆ. ದೀಪಾವಳಿ ಹೊತ್ತಿಗೆ ಅರವತ್ತು. ಆಮೇಲೆ "ನಾವು ಊರಲ್ಲಿ ಇರಲಿಲ್ಲ", "ನಮ್ಮ ಮಡಿಗೆ ಬಿಸಿಲೇ ಬರಲ್ಲ", "ಅವರು ಕೊಟ್ಟಿದ್ದಾರಾ ಮೊದಲು ಹೇಳಿ". ಹಾಗಾಗಿ ನಲವತ್ತು ಮನೆ ಮಾತ್ರ ಕೊಟ್ಟರೆ ನಡೆಯುತ್ತಾ ಅಂತ ನೋಡಿ. ನಲವತ್ತು ಮನೆ ಅಂದರೆ ಮನೆಗೆ 250. ಅದು ಜಾಸ್ತಿ ಅನ್ನಿಸಿದರೆ ತೋಟ ಚಿಕ್ಕದು ಮಾಡಿ. ಅರ್ಧ ಸೈಟಿನಲ್ಲಿ ಚೆನ್ನಾಗಿರುವ ತೋಟ ಇಡೀ ಸೈಟಿನಲ್ಲಿ ಒಣಗಿದ ತೋಟಕ್ಕಿಂತ ವಾಸಿ. ಒಣಗಿದ ಮಡಿ ನೋಡಿಕೊಂಡು ಯಾರೂ ಚಂದಾ ಕೊಡಲ್ಲ.

ಖರ್ಚು ಇಳಿಸುವುದೂ ದುಡ್ಡು ಎತ್ತಿದ ಹಾಗೇ. ಮಡಿಯ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿದರೆ ಬೇಸಿಗೆಯಲ್ಲಿ ಎಷ್ಟೋ ನೀರು ಉಳಿಯುತ್ತೆ. ಆ ತರಗೆಲೆಯನ್ನು ನಾವು ಬೆಳಿಗ್ಗೆ ಗುಡಿಸಿ ರಸ್ತೆ ಮೂಲೆಯಲ್ಲಿ ಬೆಂಕಿ ಹಚ್ಚುತ್ತಿದ್ದೇವೆ. ಮಳೆ ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಪಕ್ಕದ ಮನೆಯ ತಾರಸಿ 100 ಚದರ ಮೀಟರ್ ಇದ್ದು, ಒಂದು ಸಂಜೆ 10 ಮಿ.ಮೀ. ಮಳೆ ಹೊಯ್ದರೆ 1,000 ಲೀಟರ್. ಸೋರಿದ್ದು, ಆವಿಯಾದದ್ದು ಬಿಟ್ಟು 800 ಲೀಟರ್ ಆದರೂ ಸಿಗುತ್ತೆ. ನಮ್ಮಲ್ಲಿ ವರ್ಷಕ್ಕೆ 800 ಮಿ.ಮೀ. ಸುಮಾರು ಮಳೆ. ಅಂದರೆ ಒಂದು ತಾರಸಿಯಿಂದ 64,000 ಲೀಟರ್, ಹೆಚ್ಚುಕಮ್ಮಿ ನಾಲ್ಕು ತಿಂಗಳ ಬೇಸಿಗೆ ನೀರು. ಅಷ್ಟನ್ನೂ ಹಿಡಿದಿಡುವ ತೊಟ್ಟಿ ಯಾರೂ ಕಟ್ಟಲ್ಲ, ನಿಜ. ಐದು ಸಾವಿರ ಲೀಟರಿನ ಒಂದು ಟ್ಯಾಂಕು ಕೂರಿಸಿದರೂ ಮಳೆಗಾಲದಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದು ತಪ್ಪುತ್ತೆ.

ನೀರಿನ ಬಗ್ಗೆ ಇಷ್ಟು ಕೊರೆಯುತ್ತಿರುವುದಕ್ಕೆ ಕಾರಣ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಬಾರದು ಅಂತ ಆದೇಶ ಮಾಡಿತು. ತಪ್ಪಿದರೆ 5,000 ರೂಪಾಯಿ ದಂಡ. ಅಂಥ ಬೇಸಿಗೆ ಮೈಸೂರಿಗೆ ಬರಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ನಲ್ಲಿ ನೀರನ್ನು ನಂಬಿ ತೋಟ ಮಾಡಿ, ಜನರಿಂದ ದುಡ್ಡು ತೆಗೆದುಕೊಂಡು, ಆಮೇಲೆ ಒಣಗಿಸಿದರೆ ಮುಂದಿನ ಸಲ ನಿಮ್ಮ ಮುಖ ನೋಡಿ ಬಾಗಿಲು ಹಾಕಿಕೊಳ್ಳುತ್ತಾರೆ.

ದುಡ್ಡಿನ ಬದಲು ಏನು ಕೇಳಬಹುದು? ಇದಕ್ಕೆ ನಮ್ಮ ಕರಾವಳಿಯವರನ್ನು ನೋಡಿ. ದಕ್ಷಿಣ ಕನ್ನಡ, ಉಡುಪಿ ಕಡೆ ದೇವಸ್ಥಾನದ ಬ್ರಹ್ಮಕಲಶ ಅಂದರೆ ಹೊರೆಕಾಣಿಕೆ ಬರುತ್ತೆ. ಸುತ್ತಲಿನ ಊರುಗಳಿಂದ ಟೆಂಪೋ, ಪಿಕಪ್, ಆಟೋಗಳಲ್ಲಿ ಮೆರವಣಿಗೆ. ತೆಂಗಿನಕಾಯಿ, ಅಕ್ಕಿ ಮುಡಿ, ಬಾಳೆಗೊನೆ, ಬೆಲ್ಲ, ಕುಂಬಳಕಾಯಿ, ಸೌತೆ. ಎಲ್ಲ ಉಗ್ರಾಣದಲ್ಲಿ ಸಾಲಾಗಿ ಜೋಡಿಸಿಡುತ್ತಾರೆ. ಒಂದೇ ತೆಂಗಿನಕಾಯಿ ತಂದ ಅಜ್ಜಿಗೂ ತನ್ನ ಕಾಯಿ ಆ ರಾಶಿಯಲ್ಲಿದೆ ಅಂತ ಗೊತ್ತು. ಅದರ ಮೇಲೆ ಚಪ್ಪರ ಹಾಕುವುದು, ತರಕಾರಿ ಹೆಚ್ಚುವುದು, ಬಡಿಸುವುದು ಎಲ್ಲ ಊರವರದ್ದೇ. ಅಷ್ಟು ದೊಡ್ಡ ಕೆಲಸದಲ್ಲಿ ನಗದು ಖರ್ಚಿನ ಭಾರ ಎಷ್ಟು ಇಳಿಯುತ್ತೆ ಯೋಚಿಸಿ.

ತೋಟಕ್ಕೂ ಹಾಗೇ ಒಂದು ಪಟ್ಟಿ ಮಾಡಿ ಬೀದಿಯಲ್ಲಿ ಅಂಟಿಸಿ. ಮನೆ ಕಟ್ಟಿಸಿ ಮುಗಿಸಿದವರ ಹತ್ತಿರ ಒಂದಷ್ಟು ಇಟ್ಟಿಗೆ, ಅರ್ಧ ಲೋಡು ಜಲ್ಲಿ ಉಳಿದಿರುತ್ತೆ. ಹಾಲಿನವರ ಮನೆಯಲ್ಲಿ ಸಗಣಿ ಇದೆ. ಎಳನೀರು ಗಾಡಿಯವರ ಹತ್ತಿರ ದಿನಾ ಗುಡ್ಡೆ ಬುರುಡೆ. ಅದನ್ನು ಎರಡು ಹೋಳು ಮಾಡಿ ಮಣ್ಣು ತುಂಬಿದರೆ ಸಸಿ ಏಳಿಸೋಕೆ ಕುಂಡ, ಚೂರು ಮಾಡಿ ಗಿಡದ ಬುಡಕ್ಕೆ ಹಾಕಿದರೆ ತೇವ ಹಿಡಿಯುತ್ತೆ. ಮರಗೆಲಸದವರು ಒಂದು ಭಾನುವಾರ ಬಂದರೆ ಶೆಡ್ಡಿನ ಬಾಗಿಲು ಆಯಿತು. ಇದಕ್ಕೂ ರಸೀದಿ ಕೊಡಿ. "ಸಗಣಿ, ಎರಡು ಮೂಟೆ" ಅಂತ ಬರೆದು ಸಹಿ ಹಾಕಿ ಕೊಡಿ. ನಗಬೇಡಿ, ಆ ಚೀಟಿಯನ್ನು ಅವರು ಎತ್ತಿಟ್ಟುಕೊಳ್ಳುತ್ತಾರೆ.

ಇನ್ನೊಂದು ದಾರಿ ಹಳೇ ಮೈಸೂರಿನವರಾದ ನಮಗೇ ಗೊತ್ತಿದ್ದದ್ದು, ಮರೆತಿದ್ದೇವೆ. ಗುಂಡುತೋಪು. ಊರ ಹೊರಗೆ ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ ಬೆಳೆದ ಸಾರ್ವಜನಿಕ ತೋಪು. ಕಂದಾಯ ದಾಖಲೆಯಲ್ಲೂ ಗುಂಡುತೋಪು ಅಂತಲೇ ಇರುತ್ತೆ. ನೆರಳು ಎಲ್ಲರದು. ಫಸಲನ್ನು ವರ್ಷಕ್ಕೊಂದು ಸಲ ಹರಾಜು ಹಾಕಿ ಬಂದ ದುಡ್ಡನ್ನು ಊರಿನ ಕೆಲಸಕ್ಕೆ ಸೇರಿಸುತ್ತಿದ್ದರು. ಹುಣಸೆ ಹರಾಜು ಈಗಲೂ ಕೆಲವು ಕಡೆ ನಡೆಯುತ್ತೆ. ಎಷ್ಟೋ ತೋಪುಗಳನ್ನು ಬಡಾವಣೆಗಳೇ ನುಂಗಿದವು. ನಾವು ಕೂತಿರುವ ಈ ಜಾಗ ಹಿಂದೆ ಏನಾಗಿತ್ತೋ!

ಆದರೆ ನೇರವಾಗಿ ಹೇಳಬೇಕು. 1,200 ಚದರ ಅಡಿ ಮಡಿಯ ಸೊಪ್ಪು, ಬದನೆ ಮಾರಿ ಮಾಲಿಯ ಸಂಬಳ ಕೊಡೋಕೆ ಆಗಲ್ಲ. ಕೊತ್ತಂಬರಿ ಕಟ್ಟಿಗೆ ಹತ್ತು ರೂಪಾಯಿ ಇದ್ದಾಗ ನಿಮ್ಮ ನಾಲ್ಕು ಕಟ್ಟಿನಿಂದ ಏನಾಗುತ್ತೆ? ಮಾರಬೇಕಾದ್ದು ಸಸಿ. ಕರಿಬೇವು, ತುಳಸಿ, ದೊಡ್ಡಪತ್ರೆ, ಮಲ್ಲಿಗೆ, ವೀಳ್ಯದೆಲೆ ಬಳ್ಳಿ. ಒಂದು ಕಡ್ಡಿ ನೆಟ್ಟರೆ ಒಂದು ಗಿಡ, ಖರ್ಚು ಮಣ್ಣು ಮತ್ತು ಕವರಿನದ್ದು ಮಾತ್ರ. ಜೊತೆಗೆ ಜರಡಿ ಹಿಡಿದ ಎಲೆಗೊಬ್ಬರ, ಐದು ಕೆ.ಜಿ. ಚೀಲ. ಬೆಂಗಳೂರಿನಲ್ಲಿ ತಾರಸಿ ತೋಟದವರು, ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ, ‘ಊಟ ಫ್ರಂ ಯುವರ್ ತೋಟ’ ಅಂತ ಸಂತೆ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿಗೆ ಜನ ಬರುವುದು ಬೀಜ, ಸಸಿ, ಗೊಬ್ಬರ ಕೊಳ್ಳೋಕೆ, ಇನ್ನೊಬ್ಬರ ಹತ್ತಿರ ನಾಲ್ಕು ವಿಷಯ ಕೇಳಿಕೊಳ್ಳೋಕೆ. ಯುಗಾದಿಗೆ ಮುಂಚೆ ಒಂದು, ಮಳೆಗಾಲದ ಮೊದಲಲ್ಲಿ ಒಂದು, ವರ್ಷಕ್ಕೆ ಎರಡೇ ಸಂತೆ ಮಾಡಿ. ಇಡ್ಲಿ, ಕಾಫಿ ಇರಲಿ. ತೋಟದಲ್ಲಿ ಮೊದಲು ಬಿಟ್ಟ ಕುಂಬಳಕಾಯಿ ಹರಾಜು ಹಾಕಿ. ಪೈಪೋಟಿಗೆ ಬಿದ್ದರೆ ನಮ್ಮ ಜನ ಕುಂಬಳಕಾಯಿಗೆ ಸಾವಿರ ರೂಪಾಯಿ ಕೊಡುತ್ತಾರೆ. ಅದೇ ಜನ ನೂರು ರೂಪಾಯಿ ಚಂದಾಕ್ಕೆ ಮೂರು ಸಲ ಓಡಾಡಿಸುತ್ತಾರೆ!

ಬೇಲಿಯ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಟಾಡ್‌ಮರ್ಡನ್ ಅನ್ನುವ ಸಣ್ಣ ಊರು. 2008ರಲ್ಲಿ ಪ್ಯಾಮ್ ವಾರ್‌ಹರ್ಸ್ಟ್, ಮೇರಿ ಕ್ಲಿಯರ್ ಅನ್ನುವ ಹೆಂಗಸರು ಸೇರಿ, ಯಾವ ಅನುದಾನಕ್ಕೂ ಕಾಯದೆ, ಪೊಲೀಸ್ ಠಾಣೆ ಮುಂದೆ ಮುಸುಕಿನ ಜೋಳ, ಆರೋಗ್ಯ ಕೇಂದ್ರದ ಸುತ್ತ ಔಷಧಿ ಗಿಡ ಬೆಳೆಸೋಕೆ ಶುರು ಮಾಡಿದರು. ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಬೇಲಿ ಖರ್ಚೇ ಇಲ್ಲ. ನಮ್ಮಲ್ಲಿ ಇದು ನಡೆಯುತ್ತಾ? ಬೆಳಿಗ್ಗೆ ಐದೂವರೆಗೆ ವಾಕಿಂಗ್ ನೆಪದಲ್ಲಿ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಬಂದು ಊರವರ ದಾಸವಾಳವೆಲ್ಲ ದೇವರಿಗೆ ಅಂತ ಕಿತ್ತು ಒಯ್ಯುವ ಹಿರಿಯರು ಇಲ್ಲಿಯೂ ಕೂತಿದ್ದಾರೆ ಅಂತ ನನಗೆ ಅನುಮಾನ. ಅವರಿಗಾಗಿ ಬೇಲಿಯ ಹೊರಗೆ ಒಂದು ಸಾಲು ದಾಸವಾಳ, ಕಣಗಿಲೆ ನೆಟ್ಟುಬಿಡಿ. ಒಳಗಿನದ್ದು ಉಳಿಯುತ್ತೆ.

ಈಗ ದೊಡ್ಡ ದುಡ್ಡಿನ ವಿಷಯ. ಕಂಪನಿಗಳ ಸಿ.ಎಸ್.ಆರ್. ಹಣ, ಅಂದರೆ ಸಮಾಜದ ಕೆಲಸಕ್ಕೆ ಅವರು ಕೊಡುವ ಹಣ, ಕೇಳಬಾರದಾ ಅಂತ ಕೇಳುತ್ತೀರಿ. ಕೇಳಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ 2%ರಷ್ಟು ಇಂಥ ಕೆಲಸಕ್ಕೆ ತೆಗೆದಿಡಬೇಕು. ಆದರೆ ಅವರಿಗೆ ಒಂದು ಸಲದ ಖರ್ಚು ಇಷ್ಟ. ಬೇಲಿ, ಟ್ಯಾಂಕು, ಉದ್ಘಾಟನೆ, ಬೋರ್ಡು, ಫೋಟೋ. ನಾಲ್ಕನೇ ವರ್ಷದ ಮಾಲಿ ಸಂಬಳ ಅವರಿಂದ ಬರಲ್ಲ. ಹಾಗಾಗಿ ಅವರಿಂದ ವಸ್ತು ತೆಗೆದುಕೊಳ್ಳಿ, ತಿಂಗಳ ಖರ್ಚಿಗೆ ಅವರನ್ನು ನಂಬಬೇಡಿ. ರಾಜಕೀಯದವರಿಗೂ ಇದೇ ಮಾತು. ಅವರು ಬೆಂಚು ಕೊಡುತ್ತಾರೆ, ಬೆಂಚಿನ ಬೆನ್ನಿಗೆ ಹೆಸರು ಬರೆಸುತ್ತಾರೆ, ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷದವರು ನಿಮ್ಮ ತೋಟದ ಕಡೆ ತಲೆ ಹಾಕಲ್ಲ. ನಾನಾಗಿದ್ದರೆ ಒಂದು ನಿಯಮ ಮಾಡುತ್ತೇನೆ: ಒಬ್ಬರೇ ಒಬ್ಬರಿಂದ ವರ್ಷದ ಖರ್ಚಿನ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ. ಜಾಸ್ತಿ ಕೊಡುವವರು ಬಂದರೆ ಕೈ ಮುಗಿದು, ನಾಲ್ಕು ಜನರನ್ನು ಕರೆದುಕೊಂಡು ಬನ್ನಿ ಅನ್ನಿ.

ಅಮೆರಿಕದಲ್ಲಿರುವ ಮಕ್ಕಳಿಂದ ದುಡ್ಡು ತರಿಸುತ್ತೇವೆ ಅನ್ನುವವರು ಇಲ್ಲಿ ಸುಮಾರು ಜನ ಇದ್ದೀರಿ. ಮಗ ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲಿದ್ದು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್.ಸಿ.ಆರ್.ಎ., ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ಬೇಕು. ಒಂದು ಬೀದಿ ತೋಟಕ್ಕೆ ಇದು ಆಗದ ಮಾತು. ಮಗ ಅಪ್ಪ ಅಮ್ಮನಿಗೆ ಖರ್ಚಿಗೆ ಕಳಿಸುತ್ತಾನಲ್ಲ, ಆ ದುಡ್ಡಿನಲ್ಲಿ ನೀವು ನಿಮ್ಮ ಪಾಲಿನ 250 ಕೊಡಿ, ಸಾಕು.

ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ, ಅದೇ 80ಜಿ ಅಂತೀವಲ್ಲ, ಅದರ ಹಿಂದೆ ಓಡಬೇಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗಲ್ಲ. ಆದರೆ ಸಂಘವನ್ನು ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ಆಗುತ್ತೆ. ಆಗ ಸಂಘದ ಹೆಸರಿನಲ್ಲೇ ಪ್ಯಾನ್, ಖಾತೆ, ಕ್ಯೂಆರ್ ಕೋಡ್ ಎಲ್ಲ ಬರುತ್ತೆ. ಖಜಾಂಚಿಯ ಸ್ವಂತ ಫೋನ್‌ಪೇಗೆ ಹಾಕಿಸಿಕೊಳ್ಳುವುದನ್ನು ಇವತ್ತೇ ಬಿಡಿ. ಅವರು ಎಷ್ಟೇ ಸಾಚಾ ಮನುಷ್ಯರಾಗಿರಲಿ, ಅವರ ಮನೆ ಹಾಲಿನ ದುಡ್ಡೂ ತೋಟದ ದುಡ್ಡೂ ಒಂದೇ ಖಾತೆಯಲ್ಲಿ ಬೆರೆತರೆ ಮೂರನೇ ತಿಂಗಳಿಗೆ ಗುಸುಗುಸು ಶುರುವಾಗುತ್ತೆ. ಅವರಿಗೂ ಬೇಜಾರು.

ತೋಟದ ಬಾಗಿಲಲ್ಲಿ ಒಂದು ಕರಿಹಲಗೆ ಇಡಿ. ಈ ತಿಂಗಳು ಬಂದದ್ದು, ಹೋದದ್ದು, ಕೈಲಿರುವುದು. ಮೂರೇ ಸಾಲು. ವಾಟ್ಸಾಪಿನಲ್ಲಿ ಹಾಕಿದ್ದೇವೆ ಅನ್ನಬೇಡಿ. ಅಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಅದು ಮುಚ್ಚಿಹೋಗುತ್ತೆ. ಯಾರು ಕೊಟ್ಟಿಲ್ಲ ಅನ್ನುವ ಪಟ್ಟಿ ಮಾತ್ರ ಹಾಕಬೇಡಿ. ಹೆಸರು ಹಾಕಿಸಿಕೊಂಡವರು ದುಡ್ಡು ಕೊಟ್ಟು ಹೋಗಿಬಿಡುತ್ತಾರೆ, ಮತ್ತೆ ತೋಟಕ್ಕೆ ಬರಲ್ಲ. ನಿಮಗೆ ಬೇಕಾದ್ದು ಎರಡೂ.

ಕೊನೆಯದಾಗಿ, ಚಂದಾ ಕೊಡಲಾಗದವರ ವಿಷಯ. ನಮ್ಮ ಮನೆಗಳಲ್ಲಿ ಕೆಲಸ ಮಾಡುವವರು, ಕಟ್ಟಡ ಕಾಯುವವರು, ಇಸ್ತ್ರಿ ಅಂಗಡಿಯವರು ಇದೇ ಬೀದಿಯಲ್ಲಿ ಇದ್ದಾರೆ. ಅವರಲ್ಲಿ ಹಲವರು ಹಳ್ಳಿಯಲ್ಲಿ ಹೊಲ ಬಿಟ್ಟು ಬಂದವರು. ನಮ್ಮೆಲ್ಲರಿಗಿಂತ ಅವರಿಗೆ ಮಣ್ಣು ಗೊತ್ತು. "ಚಂದಾ ಕೊಟ್ಟವರಿಗೆ ಮಾತ್ರ ಮಡಿ" ಅಂತ ನಿಯಮ ಮಾಡಿದರೆ ಬೇಸಾಯ ಬಲ್ಲವರನ್ನೇ ಹೊರಗಿಟ್ಟು, ಬದನೆಗೂ ಬೆಂಡೆಗೂ ವ್ಯತ್ಯಾಸ ಗೊತ್ತಿಲ್ಲದವರು ಒಳಗೆ ಕೂತಂತೆ ಆಗುತ್ತೆ. ತಿಂಗಳಿಗೆ ಇಷ್ಟು ಗಂಟೆ ಕೆಲಸ ಅಂದರೆ 250 ರೂಪಾಯಿಗೆ ಸಮ ಅಂತ ಬರೆದಿಡಿ, ಅವರಿಗೂ ರಸೀದಿ ಕೊಡಿ, ಅವರಲ್ಲಿ ಇಬ್ಬರನ್ನು ಸಮಿತಿಗೆ ತೆಗೆದುಕೊಳ್ಳಿ. ಎಷ್ಟು ಗಂಟೆ ಅನ್ನುವುದನ್ನು ಅವರನ್ನೇ ಕೂರಿಸಿಕೊಂಡು ತೀರ್ಮಾನ ಮಾಡಿ, ನಾವು ನಾವೇ ಮಾಡುವುದು ಬೇಡ.

ನನ್ನ ಮಾತು ಇಷ್ಟು. ಆ ಸೈಟಿನ ಖಾತೆ ಯಾರ ಹೆಸರಿನಲ್ಲಿದೆ ಅಂತ ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ, ಪ್ರಶ್ನೆಗಳನ್ನು ಅಲ್ಲಿಂದಲೇ ಶುರು ಮಾಡೋಣ.